ನಾಯಕ್ ಅಮೋಲ್: ಅಡ್ಡಿಯಿಲ್ಲ

ನಮ್ಮ ಅಂಗಡಿ ಇರುವುದು ಕಾಂದಿವಲಿಯಲ್ಲಿ, ಒಂದು ಮಿಲಿಟರಿ ಯೂನಿಟ್ಟಿನ ಹಿಂದಿನ ಗೇಟಿನ ಎದುರಿಗೆ. ಬೋರ್ಡಿನ ಮೇಲೆ ಪ್ರಫುಲ್ಲಾ ಜೆರಾಕ್ಸ್ ಎಂದಿದೆ. ಪ್ರಫುಲ್ಲಕ್ಕ ಜೆರಾಕ್ಸ್ ಮಶೀನಿನ ಮುಂದೆ ನಿಲ್ಲುತ್ತಾರೆ, ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಮಾತಾಡುವ ಕೆಲಸ ಅವರದು, ಟೈಪಿಂಗ್ ನನ್ನದು. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಬರುವುದಿಲ್ಲ ಎನ್ನುತ್ತೇನೆ. ಬರುವುದು ಮೂರೇ ಬಗೆಯ ಇಂಗ್ಲಿಷ್: ಬಾಡಿಗೆ ಕರಾರಿನದು, ಮದುವೆ ಬಯೋಡೇಟಾದ್ದು, ಹೌಸಿಂಗ್ ಸೊಸೈಟಿಯದು. ಕಾಂದಿವಲಿಯಲ್ಲಿ ಬದುಕಲು ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಸುಬೇದಾರ್ ಈರಣ್ಣ ಒಂದು ಪಟ್ಟಿ ಹಿಡಿದುಕೊಂಡು ಬಂದರು. ವಿಜಯಪುರ ಕಡೆಯವರು. ಗೇಟಿನೊಳಗಿನ ಹನ್ನೊಂದು ಮಂದಿ ಡ್ರೈವರುಗಳ ಮೇಲೆ ಅವರದೇ ಆಳ್ವಿಕೆ. ಹಿಂದಿಯಲ್ಲಿ ಬೈಯುತ್ತಾರೆ, ಮರಾಠಿಯಲ್ಲಿ ತರಕಾರಿ ಕೊಳ್ಳುತ್ತಾರೆ, ಇಂಗ್ಲಿಷಿನಲ್ಲಿ ಸಹಿ ಹಾಕುತ್ತಾರೆ. ಯೋಚನೆ ಮಾತ್ರ ಕನ್ನಡದಲ್ಲಿ.

ಪ್ರತಿ ವರ್ಷ ಜವಾನರ ಬಗ್ಗೆ ಅಧಿಕಾರಿ ಗುಪ್ತ ವರದಿ ಬರೆಯಬೇಕಂತೆ. ಹೊಸದಾಗಿ ಬಂದ ಮೇಜರ್ ಮಾಧುರಿ ಮೇಡಂ, ಅದಕ್ಕೆ ಮೊದಲು ಒಬ್ಬೊಬ್ಬರ ಮೇಲೆ ನಾಲ್ಕು ಸಾಲು ಟಿಪ್ಪಣಿ ಕೊಡಿ ಎಂದು ಈರಣ್ಣನವರಿಗೆ ಹೇಳಿದ್ದರು. ಇಂಗ್ಲಿಷಿನಲ್ಲಿ, ಟೈಪ್ ಮಾಡಿ. ಯೂನಿಟ್ಟಿನ ಕ್ಲರ್ಕು ರಜೆಯಲ್ಲಿದ್ದ.

“ಬರಕೊ ತಂಗಿ,” ಈರಣ್ಣ ಸ್ಟೂಲಿನ ಮೇಲೆ ಪರೇಡಿಗೆ ನಿಂತಂತೆ ಕೂತರು. “ಸಿಪಾಯಿ ತಿಲಕ್. ಭಾಳ ಶಾಣ್ಯಾ. ಭಾಳ ನಿಷ್ಠಾವಂತ. ಇಂಥವ ಸೈನ್ಯದಾಗ ಹುಡುಕಿದ್ರೂ ಸಿಗೂದಿಲ್ಲ.”

“ಯಾವ ತಿಲಕ್ ಸಾಬ್?” ಪ್ರಫುಲ್ಲಕ್ಕ ಮಶೀನಿನ ಕಡೆಯಿಂದಲೇ ಕೇಳಿದರು. “ಮೊನ್ನೆ ಗೇಟಿನ ಕಂಬಕ್ಕೆ ಲಾರಿ ಗುದ್ದಿದವನಾ?”

“ಹೌದು, ಅವನ.”

“ಅವ ನಿಷ್ಠಾವಂತನಾ?”

“ಕಂಬಕ್ಕ ನಿಷ್ಠಾವಂತ, ಬಿಡದ ಗುದ್ದತಾನ.” ಈರಣ್ಣ ದನಿ ತಗ್ಗಿಸಿದರು. “ಹೊಗಳಿದ್ರ ಪ್ರಮೋಶನ್ ಆಗತೈತಿ. ಪ್ರಮೋಶನ್ ಆದ್ರ ವರ್ಗ ಆಗತೈತಿ. ವರ್ಗ ಆದ್ರ ನನ್ನ ಕಂಬ ಉಳೀತೈತಿ.”

“ಎಂತ ತಲೆ ಮಾರಾಯ್ರೆ ನಿಮ್ದು!”

ಹೀಗೆ ಹತ್ತು ಮಂದಿಯೂ ಶಾಣ್ಯಾ ಆದರು, ನಿಷ್ಠಾವಂತರಾದರು, ಹುಡುಕಿದರೂ ಸಿಗದವರಾದರು. ನಾನು ಒಂದು ಸಲ ಟೈಪ್ ಮಾಡಿ ಒಂಬತ್ತು ಸಲ ಕಾಪಿ ಹೊಡೆದು ಹೆಸರು ಬದಲಿಸಿದೆ. ಹೊಗಳಿಕೆಗೆ ಮಾತು ಸಾಲದಿದ್ದಾಗ ಮದುವೆ ಬಯೋಡೇಟಾದಿಂದ ಎರವಲು ತಂದೆ. ‘ಹೋಮ್ಲಿ’ ಎಂಬುದನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಅಳಿಸಿದೆ.

ಹನ್ನೊಂದನೆಯ ಹೆಸರು, ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗಿನ ನಾಯಕ್ ದರ್ಜೆಯವನದು. ಅದಕ್ಕೆ ಬಂದಾಗ ಈರಣ್ಣ ಕ್ಷಣ ತಡೆದರು. ಮೀಸೆ ಸವರಿಕೊಂಡು ಗೇಟಿನ ಕಡೆ ನೋಡಿದರು.

“ನಾಯಕ್ ಅಮೋಲ್... ಅಡ್ಡಿಯಿಲ್ಲ.”

ನಾನು ಕಾದೆ. “ಮತ್ತೆ?”

“ಮತ್ತೇನು? ಅಡ್ಡಿಯಿಲ್ಲ ಅಂದ್ನೆಲ್ಲ!”

ನಮ್ಮ ಮನೆಯಲ್ಲಿ ತುಳು. ಕನ್ನಡ ನನಗೆ ಶಾಲೆಯಲ್ಲಿ ಬಂದದ್ದು, ಅದೂ ಅರ್ಧಕ್ಕೆ ನಿಂತದ್ದು. ಆದರೆ ಅಡ್ಡಿಯಿಲ್ಲ ಎಂಬುದು ನನ್ನ ದಿನದ ಅನ್ನ. ಫ್ಲ್ಯಾಟ್ ಮಾರಲು, ಕಿಟಕಿಗೆ ಗ್ರಿಲ್ ಹಾಕಲು, ನಾಯಿ ಸಾಕಲು, ಎಲ್ಲದಕ್ಕೂ ಸೊಸೈಟಿಯ ಅಡ್ಡಿಯಿಲ್ಲ ಎಂಬ ಪತ್ರ, ಅಂದರೆ ಎನ್‌ಓಸಿ, ಬೇಕು. ದಿನಕ್ಕೆ ಹತ್ತಾದರೂ ಟೈಪ್ ಮಾಡುತ್ತೇನೆ. ಬೆರಳು ತಾನಾಗಿಯೇ ಓಡಿತು. ನಾಯಕ್ ಅಮೋಲ್: ನೋ ಆಬ್ಜೆಕ್ಷನ್. ಅಭ್ಯಾಸಬಲದಿಂದ ಅಕ್ಷರ ದಪ್ಪ ಮಾಡಿದೆ. ಈರಣ್ಣ ಓದದೆ ಸಹಿ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅಮೋಲನ ಹೆಂಡತಿ ವೈಶಾಲಿ ಬಂದಳು. ಬೆಳಗಾವಿಯ ಹತ್ತಿರದ ಹಳ್ಳಿಯವಳು. ಕೈಯಲ್ಲಿ ಮಗಳ ಶಾಲೆ ಬಿಡಿಸುವ ಅರ್ಜಿ ಇತ್ತು.

“ಎರಡು ಕಾಪಿ ತಗೀರಿ,” ಎಂದಳು.

“ಎಂತಕ್ಕೆ ಬಿಡಿಸುದು?” ಪ್ರಫುಲ್ಲಕ್ಕ ಕೇಳಿದರು.

“ಇನ್ನೂ ಬಿಡಿಸಿಲ್ರಿ. ಬೇಕಾದೀತು ಅಂತ. ಜನವರಿಗೆ ಇವರ ಸರ್ವಿಸ್ ಮುಗೀತೈತಿ. ಈ ಸಲದ ರಿಪೋರ್ಟ್ ಚಲೋ ಬಂದು ಹವಾಲ್ದಾರ್ ಆದ್ರ ಇರ್ತಾರ. ಇಲ್ಲಾಂದ್ರ ಗಾಠೋಡಿ ಕಟ್ಟಿ ಊರಿಗೆ ಹೋಗೂದ. ನಮ್ಮೂರಾಗ ಶಾಳಾ ಎಂಟನೇದ್ದರ ತನಕ ಐತ್ರಿ. ಇಕಿ ಈಗ ಒಂಬತ್ತನೇದು.”

ನಾನು ಆ ಅರ್ಜಿಯನ್ನು ನೋಡಿದೆ. ಅಂಥದೇ ಒಂದನ್ನು ಹಿಂದೆ ನಾನೂ ತುಂಬಿದ್ದೆ.

ಅವಳು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಈರಣ್ಣ ರಸ್ತೆ ದಾಟಿ ಬಂದರು. ರಿಕ್ಷಾದವನೊಬ್ಬ ಬ್ರೇಕ್ ಹಾಕಿ ಬೈದ. ಇವರು ತಿರುಗಿ ಬೈಯಲಿಲ್ಲ. ಅಷ್ಟರಲ್ಲೇ ನನಗೆ ಗೊತ್ತಾಯಿತು, ಏನೋ ಕೆಟ್ಟಿದೆ ಎಂದು.

“ಏನ್ ಬರದೀ ತಂಗಿ ನೀ? ಮೇಡಂ ಕರದು ಕೇಳ್ತಾರ, ‘ಸಾಬ್, ಹತ್ತು ಮಂದಿ ದೇವರು, ಅದೂ ಒಂದ ಅಚ್ಚಿನ್ಯಾಗ ತಗದ ದೇವರು. ಹನ್ನೊಂದನೇದಾವಂದು ಎನ್‌ಓಸಿ. ಅಮೋಲ್ ಮನೀಗೆ ಹೋಗಲಿಕ್ಕೆ ನಿಮ್ಮದೇನೂ ತಕರಾರಿಲ್ಲ ಅಂತ ತಿಳೀಲೇನು?’ ಅಂತ!”

“ನೀವೇ... ಅಡ್ಡಿಯಿಲ್ಲ ಅಂದ್ರಿ,” ನಾನು ಕೀಬೋರ್ಡಿಗೆ ಹೇಳಿದೆ.

“ಅಡ್ಡಿಯಿಲ್ಲ ಅಂದ್ರ ಅಡ್ಡಿಯಿಲ್ಲ! ನಮ್ಮ ಕಡೆ ಅದರ ಮ್ಯಾಲ ಮಾತ ಇಲ್ಲ. ನಾ ಸುಬೇದಾರ್ ಆಗಿ ಊರಿಗೆ ಹೋದಾಗ ನಮ್ಮವ್ವ ರುದ್ರವ್ವ ಭುಜದ ಮ್ಯಾಲಿನ ಪಟ್ಟಿ ಮುಟ್ಟಿ ನೋಡಿ, ಅಡ್ಡಿಯಿಲ್ಲ ಅಂದ್ಳು. ಆಮ್ಯಾಲ ಒಳಗ ಹೋಗಿ ಅತ್ಳು. ಅಷ್ಟು ದೊಡ್ಡ ಮಾತದು.”

“ಅದನ್ನು ಮೊದಲೇ ಹೇಳ್ಬಾರ್ದಾ?” ಎಂದರು ಪ್ರಫುಲ್ಲಕ್ಕ. “ನಮ್ಮಲ್ಲಿ ಸಾರಿಗೆ ಉಪ್ಪು ಸರಿಯಾದ್ರೆ ಅಡ್ಡಿಯಿಲ್ಲ ಅನ್ನುದು.”

ನಾಲ್ಕು ಗಂಟೆಯೊಳಗೆ ಅಮೋಲನ ಟಿಪ್ಪಣಿ ಹೊಸದಾಗಿ ಬೇಕಿತ್ತು. ಸಂಜೆಗೆ ಮೇಡಂ ವರದಿ ಮುಗಿಸುವವರಿದ್ದರು.

“ಬರಿ,” ಎಂದರು ಈರಣ್ಣ. “ಭಾಳ ಶಾಣ್ಯಾ...”

“ಅದನ್ನು ತಿಲಕನಿಗೆ ಕೊಟ್ಟಾಯ್ತು.”

“ನಿಷ್ಠಾವಂತ?”

“ಅದೂ ತಿಲಕನಿಗೇ.”

ದೊಡ್ಡ ಮಾತುಗಳೆಲ್ಲ ಆ ಹತ್ತು ಮಂದಿಯ ಮೇಲೆ ಮುಗಿದುಹೋಗಿದ್ದವು.

“ಅವರು ಏನು ಮಾಡ್ತಾರೆ ಅಂತ ಬರೆದ್ರೆ?” ನಾನು ಕೇಳಿದೆ.

“ಏನ್ ಮಾಡ್ತಾನ? ಗಾಡಿ ಹೊಡೀತಾನ.”

ನಾನು ಕೂರುವ ಜಾಗದಿಂದ ಗೇಟು ನೇರ ಕಾಣುತ್ತದೆ. ನೋಡುವುದಕ್ಕೆ ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಹಾಗಾಗಿ ಎರಡು ವರ್ಷದಿಂದ ನೋಡುತ್ತಿದ್ದೇನೆ. ತಲೆಯೆತ್ತದೆ ಹೇಳಿದೆ. ಅಮೋಲ್ ದಿನಾ ಬೆಳಿಗ್ಗೆ ಲಾರಿ ಚಾಲೂ ಮಾಡುವ ಮೊದಲು ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿ ನೋಡುತ್ತಾನೆ, ನಾಯಿ ಮಲಗಿದ್ದರೆ ಎಬ್ಬಿಸುತ್ತಾನೆ. ಉಳಿದವರು ಹಾರ್ನ್ ಹೊಡೆಯುತ್ತಾರೆ, ನಾಯಿಗಳು ಏಳುವುದಿಲ್ಲ, ನಮಗೆ ತಲೆನೋವು. ಜುಲೈಯಲ್ಲಿ ರಸ್ತೆಗೆ ಮೊಣಕಾಲುದ್ದ ನೀರು ಬಂದಾಗ ಲಾರಿಗಿಂತ ಮುಂದೆ ಕೋಲು ಊರುತ್ತ ನಡೆದ, ಮುಚ್ಚಳ ಹೋದ ಗಟಾರ ಸಿಕ್ಕಿತು. ಮುನಿಸಿಪಾಲಿಟಿಯವರು ಬರುವ ತನಕ ಒಂದೂವರೆ ಗಂಟೆ ಯಾರೂ ಬೀಳದ ಹಾಗೆ ನಮ್ಮ ಅಂಗಡಿಯ ಮುರುಕು ಕುರ್ಚಿ ಎತ್ತಿಹಿಡಿದು ಅಲ್ಲೇ ನಿಂತ. ಹೊಸಬರಿಗೆ ಎರಡು ಪೇಂಟ್ ಡಬ್ಬಿ ಇಟ್ಟು ರಿವರ್ಸ್ ಕಲಿಸುತ್ತಾನೆ. ಡಬ್ಬಿ ಚಪ್ಪಟೆಯಾದರೆ ಬೈಯದೆ ಬಡಿದು ನೆಟ್ಟಗೆ ಮಾಡಿ ಮತ್ತೆ ಇಡುತ್ತಾನೆ.

“ಮತ್ತೆ ಕಂಬ,” ಎಂದೆ. “ಈ ವರ್ಷ ಉಳಿದವರು ನಾಲ್ಕು ಸಲ ಗುದ್ದಿದ್ದಾರೆ. ಅಮೋಲ್ ಒಂದು ಸಲವೂ ಇಲ್ಲ. ನಾಲ್ಕು ಸಲವೂ ಆಮೇಲೆ ಸುಣ್ಣ ಬಳಿದದ್ದು ಅಮೋಲ್ ಅವರೇ.”

“ನಾಕ ಸಲ? ನಿನಗ ಹ್ಯಾಂಗ ಗೊತ್ತು?”

“ಗುದ್ದಿದವರ ಕ್ಷಮಾಪಣೆ ಪತ್ರ ನಾನೇ ಟೈಪ್ ಮಾಡಿದ್ದು. ತಾರೀಖು ಕಂಪ್ಯೂಟರಿನಲ್ಲಿದೆ.”

ಈರಣ್ಣ ನನ್ನನ್ನು, ಆಮೇಲೆ ಗೇಟನ್ನು, ಮತ್ತೆ ನನ್ನನ್ನು ನೋಡಿದರು. “ಪ್ರಫುಲ್ಲಾಬಾಯಿ, ಈ ಹುಡುಗೀನ ಹಿಡದು ಒಳಗ ಹಾಕಬೇಕು. ಗೂಢಚಾರಿಣಿ ಅದಾಳ.”

“ಹಾಕಿ ಸಾಬ್. ಆದ್ರೆ ಟೈಪಿಂಗ್ ಮುಗ್ಸಿ ಹಾಕಿ.”

ಬಾಡಿಗೆ ಕರಾರಿನ ಇಂಗ್ಲಿಷ್ ಇದಕ್ಕೆ ಸರಿಹೋಯಿತು. ಅದರಲ್ಲಿ ಹೊಗಳಿಕೆ ಇರುವುದಿಲ್ಲ. ಯಾರು, ಯಾವಾಗ, ಎಲ್ಲಿ, ಏನು, ಅಷ್ಟೇ. ಆರು ಸಾಲಾಯಿತು. ಕೊನೆಗೆ ‘ಹುಡುಕಿದರೂ ಸಿಗದವನು’ ಎಂದು ಸೇರಿಸು ಎಂದು ಈರಣ್ಣ ಹಟ ಹಿಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಒಬ್ಬ ಸುಬೇದಾರರಿಗೆ ನಾನು ಇಲ್ಲ ಎಂದೆ ಎಂಬುದು ಹೊಳೆದದ್ದು ಪ್ರಿಂಟು ಹೊರಬಂದ ಮೇಲೆ. ಅವರು ಈ ಸಲ ಎರಡು ಸಲ ಓದಿದರು. ಸಹಿ ಹಾಕಿ ಹೋದರು.

ಡಿಸೆಂಬರ್ ಕೊನೆಗೆ ವೈಶಾಲಿ ಪೇಡೆ ತಂದಳು. ಅಮೋಲ್ ಹವಾಲ್ದಾರ್ ಆಗಿದ್ದ. ರಾಜಸ್ಥಾನಕ್ಕೆ ವರ್ಗ. ಮಗಳ ಹತ್ತನೆಯದು ಮುಗಿಯುವ ತನಕ ಇಲ್ಲಿಯ ಕ್ವಾರ್ಟರ್ಸ್ ಇವರಿಗೇ ಇರುತ್ತದಂತೆ. ಶಾಲೆ ಬಿಡಿಸುವ ಅರ್ಜಿಯ ಕಾಪಿಗಳನ್ನು ನನ್ನ ಮೇಜಿನ ಮೇಲಿಟ್ಟು, “ಹಿಂದಿನ ಬಾಜೂ ಕೋರಾ ಐತಿ, ಏನೂ ಬರದಿಲ್ಲ, ರಫ್ ಮಾಡಾಕ ಬರತೈತಿ,” ಎಂದಳು.

ಈರಣ್ಣ ಬಂದದ್ದು ಜನವರಿಯಲ್ಲಿ. ಪೇಡೆ ತಂದಿರಲಿಲ್ಲ.

“ನಿನ್ನ ಆರು ಸಾಲು ನನ್ನ ಮನೀ ಮುರೀತು,” ಎಂದು ಸ್ಟೂಲಿನ ಮೇಲೆ ಕುಸಿದರು. “ಕಂಬ ಅಮೋಲ್ ಗುದ್ದಿಲ್ಲ ಅಂದ್ರ ಯಾರು ಗುದ್ದಿದ್ರು ಅಂತ ಮೇಡಂ ಕೇಳಿದ್ರು. ಹತ್ತೂ ದೇವರು ನಿಂತ್ರು ನೋಡು, ನೆಲ ನೋಡಿಕೋತ. ಒಬ್ಬಂಗೂ ಪ್ರಮೋಶನ್ ಇಲ್ಲ. ರಿವರ್ಸ್ ಕಲ್ಯೂತನಕ ಇಲ್ಲೇ ಇರ್ರಿ ಅಂದ್ರು. ಕಲಸಾಂವ ಯಾರು? ನಾ! ಚಲೋ ಇದ್ದಾಂವ ಒಬ್ಬ ಹೋದ.”

“ಡಬ್ಬಿ ಇಡಿ ಸಾಬ್,” ಎಂದರು ಪ್ರಫುಲ್ಲಕ್ಕ.

“ಡಬ್ಬಿ ತೀರ್‍ಯಾವ.” ಕಿಸೆಯಿಂದ ಕಾಗದದ ಕಟ್ಟು ತೆಗೆದರು. “ನಾ ಕಲಸೂದು ತಾಳಲಾರದ ಹತ್ತೂ ಮಂದಿ ವರ್ಗಕ್ಕ ಅರ್ಜಿ ಹಾಕ್ಯಾರ. ಒಬ್ಬೊಬ್ಬಂದರ ಕೆಳಗ ನನ್ನ ಅಭಿಪ್ರಾಯ ಬರೀಬೇಕಂತ. ಬರಿ ತಂಗಿ. ಎಲ್ಲಾರಿಗೂ ಅಡ್ಡಿಯಿಲ್ಲ.”

ನಾನು ಬೆರಳು ಎತ್ತಿ ಹಿಡಿದೆ. ಈ ಸಲ ಅವರ ಮುಖ ನೋಡಿಯೇ ಕೇಳಿದೆ.

“ಯಾವ ಅಡ್ಡಿಯಿಲ್ಲ ಸಾಬ್? ನಿಮ್ಮವ್ವನದೋ, ಸೊಸೈಟಿಯದೋ?”

“ಸೊಸೈಟೀದು,” ಎಂದರು ಈರಣ್ಣ. “ಅಕ್ಷರ ದಪ್ಪ ಮಾಡು.”