ಧೂಳೋ, ಗುಳ್ಳೆಯೋ, ಜೀವವೋ

ತಮ್ಮ ತರಗತಿಯ ಮಕ್ಕಳು ನಿಜವಾದ ಸಂಶೋಧನೆಗೆ ಇಳಿದಿದ್ದಾರೆಂದು ವಿಜ್ಞಾನದ ಟೀಚರು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳದ ದಿನವಿರಲಿಲ್ಲ. ಕೆಲಸವೇನೋ ಸುಲಭದ್ದೇ. ಸೂಕ್ಷ್ಮದರ್ಶಕದಲ್ಲಿ ತೆಗೆದ ಸಮುದ್ರದ ನೀರಿನ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಬರುತ್ತಿದ್ದವು. ಕಾಣುವುದು ಧೂಳೋ, ಗುಳ್ಳೆಯೋ, ಜೀವವೋ ಎಂದು ನೋಡಿ ಗುಂಡಿ ಒತ್ತಿದರಾಯಿತು. ಒಂದೇ ಚಿತ್ರ ಎಲ್ಲ ಮಕ್ಕಳಿಗೂ ಹೋಗುತ್ತಿತ್ತು. ಅವರ ಉತ್ತರಗಳನ್ನು ಕೂಡಿಸಿ ಸಂಶೋಧಕರ ಕಂಪ್ಯೂಟರು ಲೆಕ್ಕ ಹಾಕುತ್ತಿತ್ತು.

ಸಂಶೋಧಕಿ ವಿಡಿಯೋ ಕಾಲ್ ಮಾಡಿದಾಗ ಟೀಚರು ಹೊಗಳಿಕೆ ಕೇಳಲು ನೆಟ್ಟಗೆ ಕೂತರು.

"ನಿಮ್ಮ ಮಕ್ಕಳ ಉತ್ತರ ಎಲ್ಲಾ ಒಬ್ಬರೇ ಕೊಟ್ಟ ಹಾಗಿದೆಯಲ್ಲ ಟೀಚರ್. ಒಬ್ಬೊಬ್ಬರೂ ತಾವೇ ನೋಡಿ ಹೇಳಿದ್ರೇನೇ ಲೆಕ್ಕಕ್ಕೆ ಬರೋದು, ಹೀಗಾದ್ರೆ ಬಳಸೋಕಾಗಲ್ಲ. ಶುಕ್ರವಾರದೊಳಗೆ ಇನ್ನೊಂದ್ಸಲ ಮಾಡಿಸಿ, ಇಲ್ಲಾಂದ್ರೆ ಕೈಬಿಡಬೇಕಾಗುತ್ತೆ."

ಟೀಚರ ಮುಖ ಸಣ್ಣದಾಯಿತು. ಊರಿಗೆಲ್ಲ ಸಾರಿಕೊಂಡು ಬಂದ ಕೆಲಸ ಕಸದ ಬುಟ್ಟಿಗೆ ಹೋಗುವುದೆಂದರೆ?

ತರಗತಿಯಲ್ಲಿ ವಿಚಾರಿಸಿದರೆ ಮಕ್ಕಳು ಏನನ್ನೂ ಮುಚ್ಚಿಡಲಿಲ್ಲ. "ಗೊತ್ತಾಗದಿದ್ರೆ ಪಕ್ಕದವರನ್ನ ಕೇಳಿ ಅಂತ ನೀವೇ ಹೇಳಿದ್ರಲ್ಲ ಮಿಸ್." ಪಕ್ಕದವರು ತಮ್ಮ ಪಕ್ಕದವರನ್ನು ಕೇಳಿ, ಕೊನೆಗೆ ಪ್ರಶ್ನೆ ಮೊದಲ ಬೆಂಚಿನ ಲೀಡರ್ ಹುಡುಗಿಯ ಬಳಿ ಬಂದು ನಿಲ್ಲುತ್ತಿತ್ತು. ಅವಳು ಗುಳ್ಳೆ ಎಂದರೆ ಇಡೀ ಕೋಣೆಗೆ ಗುಳ್ಳೆ.

"ನಂಗೂ ಗೊತ್ತಿರ್ಲಿಲ್ಲ ಮಿಸ್," ಎಂದಳು ಲೀಡರ್. "ಎಲ್ಲರೂ ಕೇಳ್ತಾರೆ, ಹೇಳದೆ ಇರೋದು ಹೇಗೆ?"

ಬೈಯಲು ಬಾಯಿ ತೆರೆದ ಟೀಚರಿಗೆ ನಗು ಬಂತು. ಮರುದಿನ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಕಂಪ್ಯೂಟರುಗಳ ನಡುವೆ ಅಡ್ಡ ನಿಲ್ಲಿಸಿದರು.

"ತಪ್ಪಾದ್ರೂ ನಿಮ್ಮದೇ ಇರಲಿ. ಪಕ್ಕದವರ ಸರಿ ಬೇಡ."

"ಪರೀಕ್ಷೇಲೂ ತಪ್ಪಿಗೆ ಮಾರ್ಕ್ಸ್ ಕೊಡ್ತೀರಾ ಮಿಸ್?" ಎಂದ ಹಿಂದಿನ ಬೆಂಚಿನ ವಾಚಾಳಿ.

"ಬಾಯ್ಮುಚ್ಕೊಂಡು ಚಿತ್ರ ನೋಡಪ್ಪಾ."

ಶುಕ್ರವಾರ ತರಗತಿಗೇ ವಿಡಿಯೋ ಕಾಲ್ ಮಾಡಿದ ಸಂಶೋಧಕಿಯ ಮುಖ ಗೆಲುವಾಗಿತ್ತು. "ಈಗ ಸರಿಹೋಯ್ತು. ಒಂದು ಚಿತ್ರಕ್ಕಂತೂ ನಿಮ್ಮವರಲ್ಲಿ ಅರ್ಧ ಜನ ಗುಳ್ಳೆ, ಅರ್ಧ ಜನ ಜೀವ ಅಂದಿದ್ದಾರೆ. ನಾವೇ ಕೂತು ನೋಡಬೇಕಾದ್ದು ಅಂಥದ್ದನ್ನೇ."

"ಅದು ಏನು ಮೇಡಂ?" ಲೀಡರ್ ಕೇಳಿದಳು.

"ನಂಗೂ ಗೊತ್ತಿಲ್ಲಮ್ಮ."

ಗಂಟೆ ಹೊಡೆದ ಮೇಲೂ ಮೊಗಸಾಲೆಯಲ್ಲಿ ಜಗಳ ನಡೆದೇ ಇತ್ತು.

"ಗುಳ್ಳೆಗೆ ಬಾಲ ಇರುತ್ತೇನೋ?"

"ಅದು ಬಾಲ ಅಲ್ಲ ಕಣೇ, ಗಾಜಿನ ಮೇಲಿನ ಗೀರು."

ಕಂಪ್ಯೂಟರ್ ಆಫ್ ಮಾಡುವ ಮುನ್ನ ಟೀಚರು ಆ ಚಿತ್ರವನ್ನು ಮತ್ತೊಮ್ಮೆ ತೆರೆದು, ಕನ್ನಡಕ ಒರೆಸಿಕೊಂಡು ನೋಡಿದರು. ಅವರ ಕಣ್ಣಿಗೆ ಅದು ಅಪ್ಪಟ ಧೂಳು. ಯಾರಿಗೂ ಹೇಳದೆ, ನಗುತ್ತಾ ಬಾಗಿಲು ಹಾಕಿಕೊಂಡು ಮನೆಗೆ ಹೊರಟರು.