ಹನ್ನೊಂದು ಚಮಚಗಳ ಹಿಂಬದಿ

ಹಳೆಯ ಬೆಳ್ಳಿ ಸಾಮಾನಿನ ಜಾತಕ ಹೇಳುವುದೇ ಅವಳ ಕಸುಬು. ಅವತ್ತು ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಚಿಕ್ಕಮ್ಮ ಪೆಟ್ಟಿಗೆಯೊಂದನ್ನು ಹಿಡಿದು ನಿಂತಿದ್ದಳು. ಒಳಗೆ ಹನ್ನೊಂದು ಚಮಚ.

“ನಮ್ಮ ಮಾವನೋರ ಕಾಲದ್ದು ಕಣೆ. ಮಾರೋಣ ಅಂತಿದೀನಿ. ಹಿಂದೆ ಏನೋ ಗೀಚಿದೆ, ಅದೇನು ಅಂತ ಬರೆದುಕೊಡು.”

ಚಿಕ್ಕಮ್ಮನ ಮಾವ ಊರಿಗೆಲ್ಲ ಬೇಕಾಗಿದ್ದ ಡಾಕ್ಟರು. ಆ ಚಮಚಗಳೂ ಅವಳಿಗೆ ಹೊಸವಲ್ಲ. ಚಿಕ್ಕವಳಿದ್ದಾಗ ಚಿಕ್ಕಮ್ಮನ ಮನೆಗೆ ಹೋದಾಗಲೆಲ್ಲ ಅವುಗಳಲ್ಲೇ ತಿಂದು, ಕೊನೆಗೆ ನೆಕ್ಕಿ ಇಟ್ಟವಳು.

ಭೂತಗನ್ನಡಿ ಹಿಡಿದಳು. ತಯಾರಕರ ಮುದ್ರೆ ಒಂದೊಂದರಲ್ಲೂ ಒಂದೊಂದು. ಹಿಡಿಯ ಮೇಲೆ ಮನೆತನದ ಅಕ್ಷರಗಳಿರಬೇಕಾದ ಜಾಗವನ್ನು ಅರದಿಂದ ಉಜ್ಜಿ ಸವೆಸಿದ್ದರು. ಹಿಂಬದಿಯಲ್ಲಿ ಸೂಜಿಮೊನೆಯಿಂದ ಕೊರೆದ ತಾರೀಖುಗಳು, ಎಲ್ಲ ಒಂದೇ ಕೈಬರಹ.

ಏಳನೆಯದನ್ನು ಓದಿದವಳ ಕೈ ಅಲ್ಲೇ ನಿಂತಿತು. ಅದು ಅವಳ ಅಪ್ಪನ ತಾಯಿ ಕಣ್ಣು ಮುಚ್ಚಿದ ದಿನ. ಮುದ್ರೆ ನೋಡಿದಳು: ಪುಟ್ಟ ಗಂಟೆ. ಅಪ್ಪನ ಮನೆಯ ಐದು ಚಮಚಗಳ ಮೇಲೂ ಅದೇ ಗಂಟೆ. ಆರನೆಯದನ್ನು ಕದ್ದಳೆಂದು ಅಡುಗೆಯವಳನ್ನು ಅವತ್ತೇ ಮನೆಯಿಂದ ಅಟ್ಟಿದ್ದರು. ಅಜ್ಜಿಗೆ ಕೊನೆಯ ಔಷಧಿ ಕುಡಿಸಿದ್ದು ಇದೇ ಡಾಕ್ಟರು.

“ಚಿಕ್ಕಮ್ಮ, ಇವೆಲ್ಲ ಸತ್ತೋರ ಮನೆಯಿಂದ ಬಂದಿದ್ದಾ?”

“ಹೂಂ ಕಣೆ. ರೋಗಿ ಹೋದ ದಿನ ನೆನಪಿಗೆ ಅಂತ ಒಂದೊಂದು ಜೇಬಿಗೆ ಹಾಕ್ಕೊಂಡು ಬರ್ತಿದ್ರು. ಅವರ ಹುಚ್ಚು. ಚೆನ್ನಾಗೇ ತೊಳೀತಿದ್ವಲ್ಲ!”

ಅವಳು ಚಮಚ ಕೆಳಗಿಟ್ಟಳು. ಹಿಂದಿನ ಕೋಣೆಗೆ ಓಡಿ ಮೂರು ಸಲ ಬಾಯಿ ಮುಕ್ಕಳಿಸಿದಳು. ನಾಲಿಗೆಯ ಅಸಹ್ಯ ಹೋಗಲಿಲ್ಲ.

“ನಮ್ಮ ಅಡುಗೆಯವಳಿಗೆ ಕಳ್ಳಿ ಅನ್ನೋ ಹೆಸರು ಬಂತು. ನಿನಗೆ ಗೊತ್ತಿತ್ತಾ?”

“ಆಮೇಲೆ ಗೊತ್ತಾಯ್ತು. ಮನೆ ಮರ್ಯಾದೆ ನೋಡ್ಬೇಕಲ್ವಾ? ಹಳೇ ಬೆಳ್ಳಿ ಅಂತಷ್ಟೇ ಬರಿ.”

ಅವಳು ಬರೆದಳು: ಮಾಲೀಕರ ಗುರುತು ಅಳಿಸಲಾಗಿದೆ, ಕೊರೆದಿರುವುದು ಸಾವಿನ ತಾರೀಖು, ಕದ್ದ ಮಾಲು.

“ಹೀಗೆ ಬರೆದ್ರೆ ಯಾರು ತಗೋತಾರೆ?”

“ಯಾರೂ ತಗೋಬಾರ್ದು. ನಮ್ಮನೇದು ಇಲ್ಲಿರಲಿ, ಉಳಿದಿದ್ದು ಎತ್ಕೊಂಡು ನಡಿ.”

ಮುಖ ಊದಿಸಿಕೊಂಡು ಚಿಕ್ಕಮ್ಮ ಹೊರಟುಹೋದಳು.

ಮಧ್ಯಾಹ್ನ ಅಪ್ಪನಿಗೆ ಫೋನು ಮಾಡಿ ವಿಚಾರಿಸಿದಳು. ಅಡುಗೆಯವಳು ಬದುಕಿಲ್ಲ, ಮಗಳು ಸೇತುವೆ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದಾಳೆ ಎಂದರು. ಚಮಚವನ್ನು ಬೆರಳು ತಾಗದಂತೆ ಕಾಗದದಲ್ಲಿ ಸುತ್ತಿಕೊಂಡು ಆ ಅಂಗಡಿಗೆ ಹೋದಳು, ನಡೆದದ್ದನ್ನೆಲ್ಲ ಹೇಳಿದಳು.

ಆ ಹೆಂಗಸು ಹೊಲಿಗೆ ನಿಲ್ಲಿಸಿ ಪೊಟ್ಟಣವನ್ನೇ ನೋಡಿದಳು. ಮುಟ್ಟಲಿಲ್ಲ.

“ನಮ್ಮಮ್ಮ ಸಾಯೋವರೆಗೂ ತಾನು ತಗೊಂಡಿಲ್ಲ ಅಂತಾನೇ ಇದ್ಲು. ನಾನೇ ನಂಬಿರಲಿಲ್ಲ,” ಎಂದು ಮುಖ ಆಚೆ ತಿರುಗಿಸಿದಳು. “ಇದನ್ನ ನನ್ನ ಕಣ್ಣೆದುರಿಂದ ತಗೊಂಡು ಹೋಗಿ.”