ಅಟ್ಟದ ಕೆಳಗಿನ ಜಾಗ

ಒಳಗಿನಿಂದ ಉಬ್ಬಸ ಮತ್ತೆ ಕೇಳಿಸಿತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಿಮ್ಮಕ್ಕನ ಕೈ ನಿಂತಿತು. ಗೊರ್ ಎಂದು ಎಳೆದು, ಕೊನೆಗೊಂದು ಸಣ್ಣ ಸಿಳ್ಳೆ. ಅತ್ತೆ ಚಿಕ್ಕಗೌರಮ್ಮ ಉಸಿರಾಡುತ್ತಿದ್ದುದೇ ಹಾಗೆ. ಅತ್ತೆ ತೀರಿಕೊಂಡು ವರ್ಷದ ಮೇಲಾಗಿತ್ತು.

"ನಿಮ್ಮವ್ವ ಕಣ್ರೀ," ಎಂದಳು.

ಗಂಡ ಕೆಂಚಪ್ಪ ಹಗ್ಗ ಹೊಸೆಯುತ್ತಲೇ ನಕ್ಕ. "ಬದುಕಿದ್ದಾಗ್ಲೂ ಅವ್ಳ ಕಾಟ, ಸತ್ತ ಮೇಲೂ ಅವ್ಳದೇ ಕಾಟ ಅಂತೀಯ. ಅಟ್ಟದ ಮೇಲೆ ಇಲಿ ಕಣೇ, ಬುಡು."

ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟ ಅದು. ಉಬ್ಬಸದವರನ್ನು ಅದರ ಕೆಳಗೇ ಮಲಗಿಸುವುದು ಆ ಮನೆಯ ಪದ್ಧತಿ, ಬೆಚ್ಚಗಿರುತ್ತದೆಂದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ತಿಮ್ಮಕ್ಕನಿಗೆ ಕಾಲದ ಜೊತೆಗೆ ಅತ್ತೆಯ ಕಾಯಿಲೆಯೂ ಬಂತು, ಚಾಪೆಯೂ ಬಂತು. ತಿಪಟೂರಿನ ಡಾಕ್ಟರು ಮಾತ್ರೆ ಕೊಟ್ಟು, "ಮೇಲಿಂದ ಉದುರೋ ಧೂಳು ನಿಮಗಾಗಲ್ಲ ಕಣಮ್ಮ, ಮೊದ್ಲು ಆ ಜಾಗ ಬಿಡಿ" ಅಂದಿದ್ದರು. ಜಗಲಿಗೆ ಬಂದು ಮಲಗಿದ ಮೇಲೆ ಎದೆ ಹಗುರಾಯಿತು. ಕೊಡ ಹೊತ್ತು ಹಾಡಿಕೊಂಡು ಬರುವಷ್ಟು ಉಸಿರು. ಆದರೆ ಅಂದಿನಿಂದ ಖಾಲಿ ಜಾಗದಲ್ಲಿ ಅತ್ತೆ ಉಸಿರಾಡತೊಡಗಿದಳು. ಬಿಟ್ಟು ಬಂದದ್ದಕ್ಕೆ ಸಿಟ್ಟೇನೋ ಎಂದು ತಿಮ್ಮಕ್ಕ ಅಲ್ಲೊಂದು ಎಡೆಯಿಟ್ಟು ಕೈಮುಗಿದಿದ್ದಳು. ಚಾಪೆ ಸುತ್ತಿಡಲು ಮಾತ್ರ ಧೈರ್ಯ ಬಂದಿರಲಿಲ್ಲ.

ಇವತ್ತು ಉಸಿರಿನ ನಡುವೆ ಕೆಮ್ಮು ಬಂತು. ಎಳೆಯ ಕೆಮ್ಮು.

ಮೊರ ಬಿಸುಟು ಒಳಗೆ ಓಡಿದಳು. ಆರು ವರ್ಷದ ಮಗಳು ಹೊಂಬಾಳಿ ಅಟ್ಟದ ಕೆಳಗೆ, ಅತ್ತೆಯ ಚಾಪೆಯ ಅಂಚಿನಲ್ಲಿ ಮಲಗಿದ್ದಳು. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು.

"ಇಲ್ಯಾಕೆ ಬಂದೆ ಮಗಾ?"

"ಉಸ್ರು ಕಟ್ದಾಗೆಲ್ಲ ಬತ್ತೀನಿ ಕಣವ್ವ. ಬೆಚ್ಚಗೈತೆ." ಮಗು ತಡೆತಡೆದು ಹೇಳಿತು. "ಅಜ್ಜಿ ಅತ್ಲಾಗೆ ಸರ್ಕೊಂಡು ಜಾಗ ಕೊಡ್ತಾಳೆ."

ತಿಮ್ಮಕ್ಕ ಮಗಳ ಪಕ್ಕ ಕುಕ್ಕರಿಸಿದಳು. ತನ್ನ ಎದೆ ಹಗುರಾದ ಸಂತೋಷದಲ್ಲಿ ಮಗಳ ಎದೆಗೆ ಕಿವಿಗೊಡಲಿಲ್ಲವಲ್ಲ. ಸತ್ತವಳಿಗೆ ಎಡೆಯಿಟ್ಟೆ, ಇದ್ದವಳನ್ನು ನೋಡಲಿಲ್ಲ. ಮಗುವನ್ನು ಬಾಚಿ ಎತ್ತಿಕೊಂಡು, "ಗಾಡಿ ಕಟ್ರೀ, ತಿಪಟೂರಿಗೆ," ಎಂದಳು. ಕೆಂಚಪ್ಪ ಈ ಸಲ ನಗಲಿಲ್ಲ. ಹಗ್ಗ ಎಸೆದು ಎತ್ತಿನ ಕಡೆ ಓಡಿದ.

ಮಗು ತಾಯಿಯ ಹೆಗಲ ಮೇಲಿಂದ ಹಿಂದಕ್ಕೇ ನೋಡುತ್ತಿತ್ತು. "ಅಜ್ಜಿ ಬರಾಕಿಲ್ವಾ ಅವ್ವಾ?"

ಹೊಸ್ತಿಲಲ್ಲಿ ತಿಮ್ಮಕ್ಕ ಒಮ್ಮೆ ತಿರುಗಿದಳು. ಚಾಪೆಯ ಮೇಲೆ ಕಾಯಿಸಿಪ್ಪೆಯ ಧೂಳು ಬೂದಿಯ ಹಾಗೆ ಕೂತಿತ್ತು. ಅಂಚಿನಲ್ಲಿ ಮಗಳು ಮಲಗಿದ್ದಷ್ಟು ಜಾಗ ಮಾತ್ರ ಧೂಳಿಲ್ಲದೆ ಬರಿದಾಗಿತ್ತು. ಅದರ ಪಕ್ಕದಲ್ಲಿ, ದೊಡ್ಡವರೊಬ್ಬರು ಮಗ್ಗುಲಾಗಿ ಮಲಗುವಷ್ಟು ಉದ್ದಕ್ಕೆ, ಇನ್ನೊಂದು.